ಸಮಾನ ಅವಕಾಶ ಕೋಶದ ಹೊಣೆ ಹೆಗಲಿಗೆ ಬಿದ್ದಾಗ

ಎನ್‌ಎಸ್‌ಎಸ್, ಕ್ರೀಡೆ, ಸಾಂಸ್ಕೃತಿಕ ಸಮಿತಿ, ಎಲ್ಲವನ್ನೂ ಹಂಚಿದ ಮೇಲೆ ಉಳಿದ ಒಂದು ಸಾಲು ಯಾರದೋ ಹೆಸರಿನ ಮುಂದೆ ಬೀಳುತ್ತದೆ: ‘ಸಮಾನ ಅವಕಾಶ ಕೋಶ, ಸಂಯೋಜಕರು’. ಆ ಹೆಸರು ನಿಮ್ಮದಾಗಿದ್ದರೆ ಈ ಬರಹ ನಿಮಗೆ. ನೀವು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಜ್ಞಾನಸಾಗರ ಆವರಣದಲ್ಲಿರಿ, ರಾಯಚೂರಿನ ವಿಶ್ವವಿದ್ಯಾಲಯದಲ್ಲಿರಿ, ಕೊಪ್ಪಳ ಜಿಲ್ಲೆಯ ಯಾವುದೋ ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿನಲ್ಲಿರಿ, ಕೆಲಸ ಒಂದೇ ಬಗೆಯದು: ಅಂಗವಿಕಲ ವಿದ್ಯಾರ್ಥಿಗಳಿಗೆ ಓದಲು, ಪರೀಕ್ಷೆ ಬರೆಯಲು ಬೇಕಾದ ನೆರವು ಒದಗಿಸುವುದು. ಅದು ಹೆಚ್ಚಾಗಿ ಕೆಡುವುದು ತಡವಾದದ್ದರಿಂದ. ಪ್ರವೇಶದ ತಿಂಗಳಲ್ಲಿ ಒಂದು ಹಾಳೆಯಲ್ಲಿ ಮುಗಿಯುವ ಮಾತು ಪರೀಕ್ಷೆಯ ಹಿಂದಿನ ದಿನ ನಾಲ್ಕು ಕಚೇರಿಗಳ ಓಡಾಟವಾಗುತ್ತದೆ, ಅಷ್ಟು ಮಾಡಿದರೂ ಆಗದೆ ಉಳಿಯುತ್ತದೆ.

ಕಾನೂನು ಬಾಯಿಪಾಠವಾಗಬೇಕಿಲ್ಲ. ಮೇಜಿನ ಮೇಲೆ ಇಡಲು ಇಷ್ಟು ಸಾಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಕನಿಷ್ಠ ಶೇ 5 ಸೀಟು ಮೀಸಲಿಡಬೇಕು, ಪ್ರವೇಶದ ಗರಿಷ್ಠ ವಯಸ್ಸಿನಲ್ಲಿ 5 ವರ್ಷ ಸಡಿಲಿಸಬೇಕು ಎನ್ನುವುದು 32ನೇ ಕಲಂ. ಸೂಕ್ತ ಹೊಂದಾಣಿಕೆ, ಅಂದರೆ ಅಂಗವೈಕಲ್ಯಕ್ಕೆ ತಕ್ಕ ಬದಲಾವಣೆ, ಮಾಡಿಕೊಡುವುದು ಸಂಸ್ಥೆಯ ಕರ್ತವ್ಯ, ಕೃಪೆಯಲ್ಲ. ಕಟ್ಟಡ, ಪುಸ್ತಕ, ತರಗತಿ, ಪರೀಕ್ಷೆಗೆ ಏನೇನು ಬೇಕೆಂದು ಯುಜಿಸಿ 2022ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಪ್ರಾಚಾರ್ಯರ ಸಹಿ ಬೇಕಾದ ಪ್ರತಿ ಟಿಪ್ಪಣಿಯಲ್ಲೂ ಈ ಎರಡರಲ್ಲಿ ಒಂದರ ಹೆಸರು ಬರೆಯಿರಿ. ‘ದಯವಿಟ್ಟು ಪರಿಶೀಲಿಸಿ’ ಎಂದಷ್ಟೇ ಬರೆದ ಕಡತ ಎಲ್ಲಿ ಮಲಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಮೊದಲ ಹದಿನೈದು ದಿನ

ಪ್ರವೇಶ ಅರ್ಜಿಯಲ್ಲಿ ಅಂಗವೈಕಲ್ಯದ ಕಾಲಂ ತುಂಬಿದವರ ಪಟ್ಟಿಯನ್ನು ಕಚೇರಿಯಿಂದ ತೆಗೆಸಿಕೊಳ್ಳಿ. ಆ ಪಟ್ಟಿ ಎಂದೂ ಪೂರ್ತಿ ಇರುವುದಿಲ್ಲ. ಗಾಲಿಕುರ್ಚಿಯವರು, ಪೂರ್ತಿ ಕಣ್ಣು ಕಾಣದವರು ಅದರಲ್ಲಿ ಸಿಗುತ್ತಾರೆ. ದೃಷ್ಟಿ ಮಂದ ಇರುವವರು, ಕಿವಿಯ ಮಷೀನು ಹಾಕಿಕೊಳ್ಳಲು ನಾಚುವವರು, ಅಕ್ಷರ ಕೂಡಿಸಿ ಓದಲು ಕಷ್ಟಪಡುವವರು, ತಲಸೇಮಿಯಾ ಇರುವವರು, ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಕಾಲಂ ಖಾಲಿ ಬಿಟ್ಟಿರುತ್ತಾರೆ. ಅಧಿನಿಯಮದ 21ರಲ್ಲಿ ಇವೆಲ್ಲವೂ ಸೇರಿವೆ ಎನ್ನುವುದೇ ಬಹಳ ಮನೆಗಳಿಗೆ ಗೊತ್ತಿರುವುದಿಲ್ಲ. ಹಾಗಾಗಿ ಮೊದಲ ವಾರ ಪ್ರತಿ ತರಗತಿಯಲ್ಲೂ ಎರಡು ನಿಮಿಷ ತೆಗೆದುಕೊಂಡು ಈ ಬಗೆಗಳನ್ನು ಹೆಸರಿಸಿ, ನಿಮ್ಮ ಮೊಬೈಲ್ ನಂಬರನ್ನು ಬೋರ್ಡಿನ ಮೇಲೆ ಬರೆದು ಬನ್ನಿ. ‘ಅಂಗವಿಕಲರು ಯಾರಿದ್ದೀರಿ, ಎದ್ದು ನಿಲ್ಲಿ’ ಅನ್ನಬೇಡಿ. ಹಾಗೆ ಅಂದರೆ ಆ ವರ್ಷ ನಿಮ್ಮ ಬಳಿಗೆ ಮತ್ತಾರೂ ಬರುವುದಿಲ್ಲ.

ಬಂದವರೊಂದಿಗೆ ಒಬ್ಬೊಬ್ಬರಾಗಿ ಕುಳಿತು ಐದು ಪ್ರಶ್ನೆ ಕೇಳಿ: ಓದುವುದು ಹೇಗೆ, ಬರೆಯುವುದು ಹೇಗೆ, ಪಾಠ ಕೇಳುವುದು ಹೇಗೆ, ಮನೆಯಿಂದ ತರಗತಿಯ ಬಾಗಿಲವರೆಗೆ ಬರುವುದು ಹೇಗೆ, ಶೌಚಾಲಯಕ್ಕೆ ಹೋಗುವುದು ಹೇಗೆ. ಉತ್ತರ ವಿದ್ಯಾರ್ಥಿಯ ಬಾಯಿಂದಲೇ ಬರಲಿ. ಜೊತೆಗೆ ಬಂದ ಅಪ್ಪನೋ ಅಣ್ಣನೋ ‘ಏನೂ ತೊಂದರೆ ಇಲ್ರಿ, ಎಲ್ಲಾ ಮಾಡ್ಕೋತಾಳ’ ಅಂದರೆ ಅದನ್ನು ಉತ್ತರವೆಂದು ಬರೆದುಕೊಳ್ಳಬೇಡಿ. ಐದನೇ ಪ್ರಶ್ನೆಯನ್ನು ಹುಡುಗಿಯರಿಗೆ ಮಹಿಳಾ ಅಧ್ಯಾಪಕರೇ ಕೇಳಲಿ, ಕೇಳದೆ ಮಾತ್ರ ಬಿಡಬೇಡಿ. ಶೌಚಾಲಯ ಸಿಗದು ಎಂದು ಬೆಳಗಿನಿಂದ ನೀರೇ ಕುಡಿಯದೆ ಕೂರುವವರಿರುತ್ತಾರೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದು ಮೂತ್ರದ ಸೋಂಕಿಗೆ ನೇರ ದಾರಿ.

ಉತ್ತರಗಳನ್ನು ಒಂದೇ ಹಾಳೆಯಲ್ಲಿ ಬರೆದು, ವಿದ್ಯಾರ್ಥಿಯ ಸಹಿ ತೆಗೆದುಕೊಂಡು ಒಂದು ಪ್ರತಿ ಅವರಿಗೇ ಕೊಡಿ. ಅಧ್ಯಾಪಕರಿಗೆ ತಿಳಿಸಬೇಕಾದದ್ದು ಏನು ಮಾಡಬೇಕು ಎಂಬುದಷ್ಟೆ. ಕಾಯಿಲೆಯ ಹೆಸರು ಸ್ಟಾಫ್ ರೂಮಿಗೆ ಹೋಗಬೇಕಾಗಿಲ್ಲ.

ಯುಡಿಐಡಿ ಕಾರ್ಡ್

ಇದು ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿ, ಇದಿಲ್ಲದೆ ಮುಂದಿನ ಬಾಗಿಲುಗಳು ತೆರೆಯುವುದು ಕಷ್ಟ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಎದುರು ತಪಾಸಣೆ ಮಾಡಿಸಬೇಕು. ಬಳ್ಳಾರಿಯಲ್ಲಿ ವಿಮ್ಸ್ (ಹೆಸರು ಬಿಎಂಸಿಆರ್‌ಸಿ ಆದರೂ ಆಟೋದವರಿಗೆ ಈಗಲೂ ವಿಮ್ಸೇ), ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಕಿವಿ, ಕಣ್ಣು, ಮೂಳೆ, ಮನೋರೋಗ ವಿಭಾಗದವರು ಮಂಡಳಿಗೆ ಕೂರುವ ದಿನ ಬೇರೆ ಬೇರೆ ಇರಬಹುದು. ಹೋಗುವ ಮುನ್ನ ಫೋನ್ ಮಾಡಿ ದಿನ ಕೇಳಿಕೊಳ್ಳಿ, ಇಲ್ಲದಿದ್ದರೆ ಮಸ್ಕಿಯಿಂದಲೋ ಕುಷ್ಟಗಿಯಿಂದಲೋ ಬಂದವರ ಒಂದು ದಿನದ ಕೂಲಿ ಹೋಗುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ನಂಬರು ನಿಮ್ಮ ಫೋನಿನಲ್ಲಿರಲಿ.

ಅರ್ಜಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಹುಲಿಗೆಮ್ಮ’, ಆಧಾರ್‌ನಲ್ಲಿ ‘ಹುಲಿಗಮ್ಮ’, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ತಂದೆಯ ಹೆಸರು ಸೇರಿಸಿ ಇನ್ನೊಂದು. ಮೂರನ್ನೂ ಒಂದೇ ಇಂಗ್ಲಿಷ್ ಕಾಗುಣಿತಕ್ಕೆ ತಂದ ಮೇಲೆ ಅರ್ಜಿ ಹಾಕಿಸಿ, ಮುಂದೆ ವಿದ್ಯಾರ್ಥಿವೇತನದಲ್ಲೂ ಇದೇ ಮುಳ್ಳು ಚುಚ್ಚುತ್ತದೆ. ಕಾರ್ಡಿನ ಪಟ್ಟಿಯ ಬಣ್ಣವನ್ನೂ ನೋಡಿ: ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ. ಬಿಳಿ ಪಟ್ಟಿಯವರಿಗೆ ಮೀಸಲಾತಿ ಸಿಗುವುದಿಲ್ಲ. ಆದರೆ ಸೂಕ್ತ ಹೊಂದಾಣಿಕೆಯ ಹಕ್ಕು ಅವರಿಗೂ ಇದೆ. ಕಾರ್ಡ್ ಬರುವವರೆಗೆ ಅರ್ಜಿಯ ಸ್ವೀಕೃತಿಯನ್ನು ಕಡತಕ್ಕೆ ಸೇರಿಸಿ ಕಾಲೇಜಿನ ಮಟ್ಟದ ನೆರವು ಶುರುಮಾಡಿಬಿಡಿ.

ಪರೀಕ್ಷೆ: ಸ್ಕ್ರೈಬ್ ಮತ್ತು ಹೆಚ್ಚುವರಿ ಸಮಯ

ಹೆಚ್ಚು ಜಗಳ ಇಲ್ಲೇ ಆಗುವುದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇವೆ.

ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆಯ 2018ರ ಮಾರ್ಗಸೂಚಿಯ ಪ್ರಕಾರ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಂತೆ ಪರಿಹಾರ ಸಮಯ ಸಿಗಬೇಕು. 3 ಗಂಟೆಯ ಪತ್ರಿಕೆಗೆ 60 ನಿಮಿಷ, ಎರಡೂವರೆ ಗಂಟೆಯದಕ್ಕೆ 50 ನಿಮಿಷ, 1 ಗಂಟೆಯ ಆಂತರಿಕ ಪರೀಕ್ಷೆಗೆ 20 ನಿಮಿಷ. ಆಂತರಿಕ ಪರೀಕ್ಷೆಯಲ್ಲಿ ಇದನ್ನು ಮರೆತುಬಿಡುವುದು ದೊಡ್ಡ ತಪ್ಪು, ಅಂಕ ಅಲ್ಲೂ ಇದೆ. ಸ್ಕ್ರೈಬ್ (ಅಭ್ಯರ್ಥಿ ಹೇಳಿದ್ದನ್ನು ಬರೆದುಕೊಡುವವರು) ಬೇಡವೆಂದು ತಾವೇ ಬರೆಯುವವರಿಗೂ, ಬರೆಯಲು ಕಷ್ಟವಿದ್ದರೆ, ಈ ಸಮಯ ಸಿಗುತ್ತದೆ.

ಯಾರಿಗೆ ಸ್ಕ್ರೈಬ್ ಎಂಬುದೂ ಸ್ಪಷ್ಟವಿದೆ. ಶೇ 40 ಮತ್ತು ಮೇಲ್ಪಟ್ಟವರಲ್ಲಿ ಅಂಧತ್ವ, ಎರಡೂ ಕೈಗಳ ಚಲನ ವೈಕಲ್ಯ, ಸೆರೆಬ್ರಲ್ ಪಾಲ್ಸಿ ಇರುವವರು ಕೇಳಿದರೆ ಸಾಕು. ಉಳಿದವರಿಗೆ ಬರೆಯಲು ದೈಹಿಕ ಮಿತಿ ಇದೆ ಎಂದು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರ ಪ್ರಮಾಣಪತ್ರ ಬೇಕು. ಶೇ 40 ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ. ಬರಹಗಾರರ ಸೆಳೆತ ಎನ್ನುವ ಕೈನರದ ತೊಂದರೆ ಇದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಇದನ್ನೇ ಹೇಳಿತು. ಅದರ ನಂತರ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ಇರುವವರಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿ ಬಂತು. ಕೌಂಟರಿನಲ್ಲಿ ವಾದ ಮಾಡುವ ಬದಲು ಈ ಎರಡು ಕಾಗದಗಳ ಪ್ರತಿಯನ್ನು ಅರ್ಜಿಗೆ ಪಿನ್ ಮಾಡಿ.

ಕ್ರಮ ಹೀಗಿರಲಿ. ಪರೀಕ್ಷಾ ಶುಲ್ಕ ಕಟ್ಟುವ ದಿನವೇ ಸ್ಕ್ರೈಬ್ ಮತ್ತು ಹೆಚ್ಚುವರಿ ಸಮಯದ ಅರ್ಜಿಯನ್ನು ಪ್ರಾಚಾರ್ಯರ ಮೂಲಕ ಮೌಲ್ಯಮಾಪನ ಕುಲಸಚಿವರಿಗೆ ಕಳಿಸಿ. ಸ್ಕ್ರೈಬ್‌ನ ವಿದ್ಯಾರ್ಹತೆ ಎಷ್ಟಿರಬೇಕು, ಸಂಭಾವನೆ ಎಷ್ಟು ಎನ್ನುವುದಕ್ಕೆ ನಿಮ್ಮ ವಿಶ್ವವಿದ್ಯಾಲಯದ ಚಾಲ್ತಿಯಲ್ಲಿರುವ ಸುತ್ತೋಲೆಯನ್ನೇ ಕೇಳಿ ಪಡೆದುಕೊಳ್ಳಿ. ಅಭ್ಯರ್ಥಿ ತಾನೇ ಕರೆತಂದವರಾದರೆ ಒಂದು ಹಂತ ಕೆಳಗಿನ ಓದು ಎನ್ನುವುದು 2018ರ ನಿಯಮ. ಅನುಮತಿ ಪತ್ರ ಬಂದ ಮೇಲೆ ಅದರ ಪ್ರತಿಗಳು ಮೂರು ಕಡೆ ಇರಬೇಕು: ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರ ಬಳಿ, ಕೊಠಡಿ ಮೇಲ್ವಿಚಾರಕರ ಬಳಿ, ವಿದ್ಯಾರ್ಥಿಯ ಕೈಯಲ್ಲಿ. ಮೇಲ್ವಿಚಾರಕರು ದಿನಾ ಬದಲಾಗುತ್ತಾರೆ. ಸೋಮವಾರದವರಿಗೆ ಗೊತ್ತಿದ್ದದ್ದು ಬುಧವಾರದವರಿಗೆ ಗೊತ್ತಿರದೆ 3 ಗಂಟೆಯ ಅವಧಿ ಮುಗಿದ ಕೂಡಲೇ ಉತ್ತರ ಪತ್ರಿಕೆ ಕಿತ್ತುಕೊಳ್ಳುವುದು ಇದರಿಂದಲೇ.

ಸ್ಕ್ರೈಬ್‌ಗಳನ್ನು ಕೆಳಗಿನ ಸೆಮಿಸ್ಟರ್‌ನಿಂದ ಆರಿಸಿದರೆ ಅವರದೇ ಪರೀಕ್ಷೆ ಅದೇ ವಾರ ಬರುತ್ತದೆ. ಊರಿನ ಪಿಯು ಕಾಲೇಜಿನಿಂದ ಆರಿಸುವುದು ಮೇಲು, ಅವರ ವಾರ್ಷಿಕ ಪರೀಕ್ಷೆಯ ಹೊತ್ತು ಬಿಟ್ಟು. ಇಬ್ಬರು ಅಭ್ಯರ್ಥಿಗಳಿಗೆ ಒಬ್ಬರಂತೆ ಹೆಚ್ಚುವರಿ ಸ್ಕ್ರೈಬ್ ಇರಲಿ. ಜ್ವರ ಹೇಳಿ ಕೇಳಿ ಬರುವುದಿಲ್ಲ. ಮನೆಮಾತು ನೋಡಿ. ರಾಯಚೂರು, ಬಳ್ಳಾರಿ ಊರುಗಳಲ್ಲಿ ತೆಲುಗು ಅಥವಾ ಉರ್ದು ಮನೆಮಾತಿನ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು ಬಹಳ. ಕನ್ನಡ ಮಾಧ್ಯಮದ ಇತಿಹಾಸ ಪತ್ರಿಕೆಗೆ ಅವರನ್ನು ಕೂರಿಸಿದರೆ ಒತ್ತಕ್ಷರಕ್ಕೆ ಒಂದೊಂದು ನಿಮಿಷ ಹೋಗುತ್ತದೆ. ಭಾಷಾ ಪತ್ರಿಕೆಗೆ ಬೇರೆ ಸ್ಕ್ರೈಬ್ ತೆಗೆದುಕೊಳ್ಳಲು ಅವಕಾಶವೂ ಇದೆ, ಬಳಸಿಕೊಳ್ಳಿ.

ಪರೀಕ್ಷೆಗೆ ಎರಡು ದಿನ ಮೊದಲು ಅಭ್ಯರ್ಥಿ, ಸ್ಕ್ರೈಬ್ ಇಬ್ಬರನ್ನೂ ಕೂರಿಸಿ, ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಮುಕ್ಕಾಲು ಗಂಟೆ ಅಭ್ಯಾಸ ಮಾಡಿಸಿ. ಮೂರು ವಿಷಯ ಆಗಲೇ ಗೊತ್ತಾಗಬೇಕು. ಮೊದಲನೆಯದು, ಪ್ರಶ್ನೆಪತ್ರಿಕೆಯನ್ನು ಒಮ್ಮೆ ಪೂರ್ತಿ ಓದಿ, ಅಂಕ ಹೇಳಿ, ಆಮೇಲೆ ಅಭ್ಯರ್ಥಿ ಹೇಳಿದ ಪ್ರಶ್ನೆಯಿಂದ ಶುರುಮಾಡಬೇಕು. ಎರಡನೆಯದು, ಸಂದೇಹದ ಅಕ್ಷರವನ್ನು ಬಿಡಿಸಿ ಹೇಳುವ ರೂಢಿ: ‘ಶಂಖದ ಶ’, ‘ಹೊಟ್ಟೆ ಸೀಳಿದ ಷ’ ಎಂದು ಹೇಳಿದರೆ ಗೊಂದಲವಿರುವುದಿಲ್ಲ. ಮೂರನೆಯದು, ಹೇಳಿಬರೆಸುವ ವೇಗ. ಕಣ್ಣು ಕಾಣದವರು ಇಡೀ ಪ್ಯಾರಾ ನೆನಪಿನಲ್ಲಿಟ್ಟುಕೊಂಡು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ, ಬರೆಯುವವರು ಮೂರನೇ ಸಾಲಿಗೇ ಕಳೆದುಹೋಗುತ್ತಾರೆ. ಎಂಟು ಹತ್ತು ಪದಕ್ಕೊಮ್ಮೆ ನಿಲ್ಲುವುದು, ಪ್ಯಾರಾ ಮುಗಿದಾಗ ಕೊನೆಯ ಸಾಲನ್ನು ಓದಿಸಿಕೊಳ್ಳುವುದು ಅಭ್ಯಾಸವಾಗಬೇಕು.

ಕೊಠಡಿ ನೆಲಮಹಡಿಯಲ್ಲಿರಲಿ. ಸ್ಕ್ರೈಬ್ ಇರುವವರನ್ನು ಉಳಿದವರ ಹಾಲ್‌ನಲ್ಲಿ ಕೂರಿಸಿದರೆ ಇಬ್ಬರಿಗೂ ತೊಂದರೆ. ಕಚೇರಿಯ ಜಗುಲಿಯಲ್ಲಿ ಮೇಜು ಹಾಕಿ ಕೂರಿಸುವುದೂ ಬೇಡ, ಅಲ್ಲಿ ಚಲನ್ ಕಟ್ಟುವವರ ಗದ್ದಲ. ಮಧ್ಯಾಹ್ನ 2ರಿಂದ 5ರ ಪತ್ರಿಕೆಗೆ ಇವರು ಏಳುವುದು 6ಕ್ಕೆ. ಅಷ್ಟೊತ್ತಿಗೆ ಕೊಠಡಿಯ ದೀಪ ಉರಿಯುತ್ತದೆಯೇ, ಬಾಗಿಲು ಹಾಕುವ ಅಟೆಂಡರ್ ಇರುತ್ತಾರೆಯೇ, ಊರಿನ ಕೊನೆಯ ಬಸ್ ಎಷ್ಟಕ್ಕೆ ಎಂದು ಮೊದಲೇ ನೋಡಿ. ಬಸ್ ತಪ್ಪುತ್ತದೆಂದು ಹೆಚ್ಚುವರಿ ಗಂಟೆಯನ್ನು ಬಿಟ್ಟು ಎದ್ದುಹೋಗುವವರಿರುತ್ತಾರೆ. ಕಾಗದದ ಮೇಲೆ ಸೌಲಭ್ಯ ಕೊಟ್ಟದ್ದಾಯಿತು, ಅವರಿಗೆ ಸಿಕ್ಕಿದ್ದು ಸೊನ್ನೆ.

ನಕ್ಷೆ, ಚಿತ್ರ, ಗ್ರಾಫ್ ಬಿಡಿಸುವ ಪ್ರಶ್ನೆಗೆ ದೃಷ್ಟಿದೋಷವಿರುವವರಿಗೆ ಬದಲಿ ಪ್ರಶ್ನೆ ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಅದು ಪ್ರಶ್ನೆಪತ್ರಿಕೆ ತಯಾರಾಗುವಾಗಲೇ ಸೇರಬೇಕಾದದ್ದು, ಕೇಂದ್ರದಲ್ಲಿ ಯಾರೂ ಸೇರಿಸಲಾರರು. ಆದ್ದರಿಂದ ಭೂಗೋಳ, ಅರ್ಥಶಾಸ್ತ್ರ ವಿಷಯದವರಿದ್ದರೆ ಅರ್ಜಿಯಲ್ಲೇ ಈ ಮಾತನ್ನು ಬೇರೆ ಸಾಲಾಗಿ ಬರೆಯಿರಿ. ದಪ್ಪಕ್ಷರದ ಪ್ರಶ್ನೆಪತ್ರಿಕೆ ಬೇಕಾದ ಮಂದದೃಷ್ಟಿಯವರದೂ ಹೀಗೇ.

ನೋಟ್ಸ್: ನುಡಿಯಿಂದ ಯೂನಿಕೋಡ್‌ಗೆ

ಕನ್ನಡದಲ್ಲಿ ಓದುವ ಅಂಧ ವಿದ್ಯಾರ್ಥಿಗೆ ದೊಡ್ಡ ಗೋಡೆ ಮೆಟ್ಟಿಲಲ್ಲ, ಫಾಂಟ್. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ನೋಟ್ಸ್ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೊಂಚಲು. ಪರದೆ ಓದುವ ತಂತ್ರಾಂಶ ಅದನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ಪರೀಕ್ಷಿಸುವುದು ಸುಲಭ: ಕಡತದಿಂದ ಒಂದು ಸಾಲು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವೇ ಬಂದರೆ ಯೂನಿಕೋಡ್. ಗೆರೆ ಹೊತ್ತ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್ ಚಿಹ್ನೆ ಬಂದರೆ ಹಳೆಯ ಫಾಂಟ್. ಏನೂ ನಕಲಾಗದಿದ್ದರೆ ಅದು ಬರೀ ಫೋಟೊ.

ಹಳೆಯ ಫಾಂಟ್ ಆಗಿದ್ದರೆ ಮೂಲ ವರ್ಡ್ ಕಡತವನ್ನು ಅಧ್ಯಾಪಕರಿಂದ ಕೇಳಿ ಪಡೆಯಿರಿ. ಪಿಡಿಎಫ್‌ನಿಂದ ಪರಿವರ್ತಿಸಿದರೆ ಅಕ್ಷರಗಳು ಜಾಗ ತಪ್ಪುತ್ತವೆ. ನುಡಿಯ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತನ್ನಿ. ಮಧ್ಯೆ ಬಂದ ಇಂಗ್ಲಿಷ್ ಪದಗಳು ಮತ್ತು ಆವರಣ ಚಿಹ್ನೆಗಳು ಪರಿವರ್ತನೆಯಲ್ಲಿ ಕೆಡುತ್ತವೆ, ಅರ್ಕಾವತ್ತನ್ನೂ ಒಮ್ಮೆ ನೋಡಿ. ಆಮೇಲೆ ಅಧ್ಯಾಯದ ಹೆಸರು, ಉಪಶೀರ್ಷಿಕೆಗಳಿಗೆ ವರ್ಡ್‌ನ ಹೆಡಿಂಗ್ ಶೈಲಿ ಹಾಕಿ. ಬರೀ ಬೋಲ್ಡ್ ಮಾಡಿದರೆ ಪ್ರಯೋಜನವಿಲ್ಲ. ಹೆಡಿಂಗ್ ಇದ್ದರೆ ಓದುವವರು ಒಂದು ಕೀ ಒತ್ತಿ ಅಧ್ಯಾಯದಿಂದ ಅಧ್ಯಾಯಕ್ಕೆ ಹಾರಬಹುದು, ಇಲ್ಲದಿದ್ದರೆ 80 ಪುಟವನ್ನೂ ಮೊದಲಿಂದ ಕೇಳುತ್ತ ಕೂರಬೇಕು.

ಪುಸ್ತಕವಾದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಕನ್ನಡ ಅಕ್ಷರ ಗುರುತಿಸಿ ಪಠ್ಯ ಕೊಡುತ್ತದೆ. ದೊಡ್ಡ ಕಡತ ಅರ್ಧಕ್ಕೇ ನಿಲ್ಲುತ್ತದೆ, 8–10 ಪುಟದ ತುಂಡು ಮಾಡಿ. ತೆರೆದ ಪುಸ್ತಕದ ನಡುವಿನ ಬಾಗು ಮತ್ತು ನೆರಳು ಹೆಚ್ಚು ತಪ್ಪು ತರುತ್ತವೆ, ಗಾಜಿನ ತುಂಡಿನಿಂದ ಪುಟ ಒತ್ತಿ ಹಿಡಿಯಿರಿ. ತಿದ್ದುವುದಕ್ಕೆ ಸಹಪಾಠಿಗಳನ್ನು ಹಚ್ಚಿ, ಒಬ್ಬರಿಗೆ ವಾರಕ್ಕೆ 10 ಪುಟಕ್ಕಿಂತ ಹೆಚ್ಚು ಕೊಡಬೇಡಿ. ‘ಪುಸ್ತಕ ಸ್ಕ್ಯಾನ್ ಮಾಡಿದರೆ ಕೃತಿಸ್ವಾಮ್ಯ?’ ಎಂದು ಗ್ರಂಥಪಾಲಕರು ಕೇಳಿದರೆ, 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಂದ ತಿದ್ದುಪಡಿ ಅಂಗವಿಕಲರಿಗಾಗಿ ಲಾಭವಿಲ್ಲದೆ ಮಾಡುವ ಇಂಥ ಪ್ರತಿಗಳಿಗೆ ಅವಕಾಶ ಕೊಟ್ಟಿದೆ ಎಂದು ಹೇಳಿ. ಪ್ರತಿ ಹೊರಗೆ ಹರಡದಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಹೊಣೆ. ಸ್ಕ್ಯಾನಿಗೆ ಕೂರುವ ಮೊದಲು 2016ರಿಂದ ಇರುವ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಒಮ್ಮೆ ಹುಡುಕಿ.

ಗ್ರಂಥಾಲಯದ ಒಂದು ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಹಾಕಿಸಿ, ಉಚಿತ. ಜೊತೆಗೆ ಬರುವ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡವಿದೆ. ದನಿ ಒರಟು, ಆದರೆ ವೇಗಕ್ಕೆ ಒಗ್ಗುತ್ತದೆ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್, ಎಸ್ ಮೂರನ್ನೂ ಕೂಡಿ ಒತ್ತಿದರೆ ಇ-ಸ್ಪೀಕ್‌ನಂಥ ಧ್ವನಿ ತಂತ್ರಾಂಶ ಆರಿಸುವ ಕಿಟಕಿ ತೆರೆಯುತ್ತದೆ. ಕಾಲೇಜು ಕಂಪ್ಯೂಟರುಗಳಲ್ಲಿ ಪಾಸ್‌ವರ್ಡ್ ತಾಂತ್ರಿಕ ಸಿಬ್ಬಂದಿಯ ಬಳಿ ಇರುತ್ತದೆ, ಕೆಲವಲ್ಲಿ ಪ್ರತಿ ಸಲ ಬಂದ್ ಮಾಡಿದಾಗ ಹೊಸದಾಗಿ ಹಾಕಿದ್ದೆಲ್ಲ ಅಳಿಸಿಹೋಗುತ್ತದೆ. ಅಂಥ ಕಡೆ ಪೆನ್‌ಡ್ರೈವ್‌ನಿಂದಲೇ ಓಡುವ ಪೋರ್ಟಬಲ್ ಪ್ರತಿ ಮಾಡಿ ವಿದ್ಯಾರ್ಥಿಯ ಕೈಗೆ ಕೊಟ್ಟುಬಿಡಿ. ಹೆಡ್‌ಫೋನ್ ಮರೆಯಬೇಡಿ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದವರಿಗೆ ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಮತ್ತು ಗೂಗಲ್‌ನ ಕನ್ನಡ ಧ್ವನಿ ಸಾಕಾಗುತ್ತದೆ.

ಬೇಡಿಕೆ-ಪೂರೈಕೆ ರೇಖೆಗಳಂಥ ಚಿತ್ರಕ್ಕೆ ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ದಾರ ಅಂಟಿಸಿ. ಒಂದು ರೇಖೆಗೆ ನೂಲಿನ ದಾರ, ಇನ್ನೊಂದಕ್ಕೆ ಸುತ್ತಲಿ. ಬೆರಳಿಗೆ ಬೇರೆ ಬೇರೆಯಾಗಿ ಸಿಗಬೇಕು. ಖರ್ಚು ಚಹಾದ ದುಡ್ಡಿಗಿಂತ ಹೆಚ್ಚಿಲ್ಲ.

ಇಳಿಜಾರು ಮತ್ತು ಶೌಚಾಲಯ

ಮೊದಲು ದುಡ್ಡಿಲ್ಲದ ಪರಿಹಾರ: ಗಾಲಿಕುರ್ಚಿಯ ವಿದ್ಯಾರ್ಥಿ ಇರುವ ತರಗತಿಯನ್ನು ನೆಲಮಹಡಿಗೆ ಇಳಿಸಿ. ವೇಳಾಪಟ್ಟಿ ಬರೆಯುವವರಿಗೆ ಜೂನ್‌ನಲ್ಲಿ ಹೇಳಿದರೆ ಹತ್ತು ನಿಮಿಷದ ಕೆಲಸ. ನಾಲ್ಕು ಜನ ಹುಡುಗರು ಕುರ್ಚಿ ಎತ್ತಿ ಒಯ್ಯುವುದು ವ್ಯವಸ್ಥೆಯಲ್ಲ. ಒಬ್ಬರ ಕೈ ಜಾರಿದರೂ ಬೀಳುವವರು ಕುರ್ಚಿಯಲ್ಲಿರುವವರು.

ಇಳಿಜಾರಿನ ಲೆಕ್ಕ 1:12. ಜಗುಲಿಯ ಎತ್ತರವನ್ನು 12ರಿಂದ ಗುಣಿಸಿ. ಮೂರು ಮೆಟ್ಟಿಲು, ಅಂದರೆ 45 ಸೆಂ.ಮೀ. ಎತ್ತರಕ್ಕೆ 5.4 ಮೀಟರ್ ಉದ್ದ, ಸುಮಾರು 18 ಅಡಿ. ಗುತ್ತಿಗೆದಾರರು ಮೆಟ್ಟಿಲಿನ ಪಕ್ಕದ ಆರು ಅಡಿ ಜಾಗದಲ್ಲೇ ಮುಗಿಸಿ ಬಿಲ್ ಮಾಡುತ್ತಾರೆ. ಅದು 1:4, ಗಾಲಿಕುರ್ಚಿ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಅಳೆಯಲು ಎಂಜಿನಿಯರ್ ಬೇಡ. 120 ಸೆಂ.ಮೀ. ಉದ್ದದ ನೇರ ಹಲಗೆಯ ಒಂದು ತುದಿಯನ್ನು ಇಳಿಜಾರಿನ ಮೇಲ್ಭಾಗಕ್ಕೆ ತಾಗಿಸಿ, ಮೇಸ್ತ್ರಿಯ ರಸಮಟ್ಟ ಇಟ್ಟು ಹಲಗೆಯನ್ನು ಸಮಕ್ಕೆ ತನ್ನಿ. ಇನ್ನೊಂದು ತುದಿಯ ಕೆಳಗೆ ನೆಲದವರೆಗಿನ ಸಂದು 10 ಸೆಂ.ಮೀ. ಮೀರಬಾರದು. ಫೋನಿನ ಕೋನಮಾಪಕದಲ್ಲಾದರೆ 4.8 ಡಿಗ್ರಿ. ಬಿಲ್‌ಗೆ ಸಹಿ ಮಾಡುವ ಮುನ್ನ ಅಳೆಯಿರಿ.

ಅಗಲ ಕನಿಷ್ಠ 1.2 ಮೀಟರ್, ಮೇಲೂ ಕೆಳಗೂ ತಿರುಗಲು 1.5 ಮೀಟರ್ ಚೌಕದ ಸಮತಟ್ಟು. ಎರಡೂ ಬದಿಗೆ ಕೈಹಿಡಿ ಇರಲಿ, ಇಳಿಜಾರು ಮುಗಿದ ಮೇಲೂ 30 ಸೆಂ.ಮೀ. ಮುಂದುವರಿಯಲಿ. ಅಂಚಿಗೆ ಚಕ್ರ ಜಾರದಂತೆ ಸಣ್ಣ ಕಟ್ಟೆ ಕಟ್ಟಿಸಿ. ಇಷ್ಟು ಯಾವ ಊರಿಗೂ ಹೇಳಬಹುದಾದದ್ದು, ನಮ್ಮ ನೆಲಕ್ಕೆ ಇನ್ನೂ ಮೂರಿವೆ. ಸಿಂಧನೂರು, ಸಿರುಗುಪ್ಪ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರ ಕಾಂಕ್ರೀಟ್ ಹಾಕಿದರೆ ಇಳಿಜಾರು ಜಗುಲಿಯಿಂದ ಕಳಚಿಕೊಂಡು ನಡುವೆ ಸಂದು ಬೀಳುತ್ತದೆ, ಕುರ್ಚಿಯ ಮುಂದಿನ ಸಣ್ಣ ಚಕ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರೆ ತೆಗೆಸಿ, ಗರಸು ತುಂಬಿ, ನೀರು ಹಾಕಿ ದಮ್ಮಸು ಮಾಡಿಸಿದ ಮೇಲೆ ಕಾಂಕ್ರೀಟ್ ಹಾಕಿಸಿ. ಗ್ರಾನೈಟ್ ಸುಲಭಕ್ಕೆ ಸಿಗುತ್ತದೆಂದು ನುಣುಪು ಕಲ್ಲು ಹಾಸಬೇಡಿ. ಒದ್ದೆಯಾದರೆ ಊರುಗೋಲು ನಿಲ್ಲುವುದಿಲ್ಲ. ಕಸಬರಿಗೆ ಎಳೆದು ಗೀರು ಮೂಡಿಸಿದ ಸಿಮೆಂಟೇ ಒಳ್ಳೆಯದು. ಇನ್ನು ಬಿಸಿಲಿಗೆ ಬಿದ್ದ ಸ್ಟೀಲ್ ಕೈಹಿಡಿಯನ್ನು ಏಪ್ರಿಲ್ ಮಧ್ಯಾಹ್ನ ಮುಟ್ಟಿ ನೋಡಿ. ಮೇಲೆ ಚಾವಣಿ ಹಾಕಿಸಿ, ಆಗದಿದ್ದರೆ ಕೈಹಿಡಿಗೆ ಪ್ಲಾಸ್ಟಿಕ್ ಹೊದಿಕೆ ಸುತ್ತಿಸಿ.

ಶೌಚಾಲಯದ ಒಳಗೆ ಸುಮಾರು 2 ಮೀಟರ್‌ಗೆ 2.2 ಮೀಟರ್ ಜಾಗ, 90 ಸೆಂ.ಮೀ. ತೆರೆಯುವ ಬಾಗಿಲು. ಬಾಗಿಲು ಹೊರಕ್ಕೆ ತೆರೆಯಲಿ: ಒಳಗೆ ಬಿದ್ದವರ ಮೈಗೆ ತಾಗಿ ಬಾಗಿಲು ತೆರೆಯದಿದ್ದರೆ ಒಡೆಯಬೇಕಾಗುತ್ತದೆ. ಕಮೋಡ್ 45–48 ಸೆಂ.ಮೀ. ಎತ್ತರ. ಹಿಡಿಕಂಬಿಯನ್ನು ಟೊಳ್ಳು ಬ್ಲಾಕಿನ ಗೋಡೆಗೆ ಬರೀ ಸ್ಕ್ರೂ ಹಾಕಿ ಬಿಡುತ್ತಾರೆ. ನೀವೇ ಪೂರ್ತಿ ಭಾರ ಬಿಟ್ಟು ಜೋತುಬಿದ್ದು ನೋಡಿ. ನೀರಿನ ಪೈಪು ಕೂತಲ್ಲಿಂದ ಕೈಗೆ ಸಿಗಬೇಕು. ಇವೆಲ್ಲ ಸರಿಯಿದ್ದೂ ಬಳಕೆಗೆ ಬಾರದಿರಲು ಕಾರಣ ಎರಡೇ: ಒಳಗೆ ಪೊರಕೆ, ಮುರಿದ ಬೆಂಚು ತುಂಬಿರುವುದು, ಬೀಗದ ಕೈ ಊಟಕ್ಕೆ ಹೋದ ಅಟೆಂಡರ್ ಜೇಬಿನಲ್ಲಿರುವುದು.

ಕಿವಿ ಕೇಳದವರು, ಹೊರಗೆ ಕಾಣದ ತೊಂದರೆಯವರು

ಬೋರ್ಡಿಗೆ ಮುಖ ಮಾಡಿ ಮಾತಾಡುವುದನ್ನು ಅಧ್ಯಾಪಕರು ಬಿಟ್ಟರೆ ತುಟಿ ನೋಡಿ ತಿಳಿಯುವವರಿಗೆ ಅರ್ಧ ಪಾಠ ಸಿಗುತ್ತದೆ. ಆಂಡ್ರಾಯ್ಡ್‌ನ ಲೈವ್ ಟ್ರಾನ್ಸ್‌ಕ್ರೈಬ್ ಕನ್ನಡ ಮಾತನ್ನು ಆಗಿಂದಾಗ ಅಕ್ಷರಕ್ಕೆ ಇಳಿಸುತ್ತದೆ. ಫೋನು ವಿದ್ಯಾರ್ಥಿಯ ಮೇಜಿನ ಮೇಲಿದ್ದರೆ ಅದಕ್ಕೆ ಕೇಳುವುದು ಫ್ಯಾನಿನ ಸದ್ದು ಮಾತ್ರ. ಅಧ್ಯಾಪಕರ ಕೊರಳಪಟ್ಟಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕ್ ಜೋಡಿಸಿದರೆ ಫಲಿತಾಂಶ ಬೇರೆಯೇ. ವ್ಯಕ್ತಿನಾಮ, ಪಾರಿಭಾಷಿಕ ಪದಗಳಲ್ಲಿ ಅದು ಎಡವುತ್ತದೆ, ಆ ದಿನದ ಹೊಸ ಪದಗಳನ್ನು ಮೊದಲೇ ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಮೌಖಿಕ ಪರೀಕ್ಷೆಯ ಪ್ರಶ್ನೆಗಳನ್ನು ಬರೆದು ತೋರಿಸಲು ವಿಭಾಗಕ್ಕೆ ಲಿಖಿತವಾಗಿ ತಿಳಿಸಿ.

ತಲಸೇಮಿಯಾ ಇರುವವರು ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಹೋಗಬೇಕು. ಹಾಜರಾತಿ ಕೊರತೆಯ ಪಟ್ಟಿ ಬಂದ ಮೇಲೆ ಆಸ್ಪತ್ರೆಯ ಚೀಟಿ ಹುಡುಕುವುದು ಬೇಡ. ಪ್ರತಿ ಸಲದ ಚೀಟಿಯನ್ನು ಅದೇ ವಾರ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಲಿ, ಆಂತರಿಕ ಪರೀಕ್ಷೆಯ ಬದಲಿ ದಿನಾಂಕವನ್ನೂ ಆಗಲೇ ಗೊತ್ತುಮಾಡಿ.

ಹಣ, ಬಸ್ಸು

ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನ ಮೆಟ್ರಿಕ್ ನಂತರದ ಯೋಜನೆಗೆ ಶೇ 40 ಅಂಗವೈಕಲ್ಯ ಮತ್ತು ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿ ಮಿತಿ. ವಿದ್ಯಾರ್ಥಿ ಅರ್ಜಿ ಹಾಕಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ ಲಾಗಿನ್ ಆಗಿ ಪರಿಶೀಲಿಸದಿದ್ದರೆ ಅರ್ಜಿ ಅಲ್ಲೇ ಸಾಯುತ್ತದೆ. ಹಳೆಯ ನೋಡಲ್ ಅಧಿಕಾರಿ ವರ್ಗವಾಗಿ, ಓಟಿಪಿ ಅವರ ಫೋನಿಗೇ ಹೋಗುತ್ತಿದ್ದರೆ ನಂಬರ್ ಬದಲಿಸುವ ಕೆಲಸವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದೂ ನೋಡಿ. ದೃಷ್ಟಿದೋಷವಿರುವವರ ಟಾಕಿಂಗ್ ಲ್ಯಾಪ್‌ಟಾಪ್, ಮೂರು-ನಾಲ್ಕು ಚಕ್ರ ಜೋಡಿಸಿದ ಸ್ಕೂಟರ್‌ಗೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿ.

ಕಲ್ಯಾಣ ಕರ್ನಾಟಕ ಸಾರಿಗೆಯ ರಿಯಾಯಿತಿ ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ. ವಾಸದ ಊರಿನಿಂದ 100 ಕಿ.ಮೀ. ಒಳಗೆ ನಡೆಯುತ್ತದೆ. ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು 60 ಕಿ.ಮೀ., ಚಿಂತೆಯಿಲ್ಲ. ಪಾಸಿನಲ್ಲಿ ವಾಸದ ವಿಳಾಸ ಹಳ್ಳಿಯದೋ ಹಾಸ್ಟೆಲ್‌ನದೋ ಎಂಬುದನ್ನು ಮೊದಲೇ ಯೋಚಿಸಿ.

ಕೇಳಿದ್ದು ಸಿಗದಿದ್ದರೆ

ಮೌಖಿಕ ನಿರಾಕರಣೆಗೆ ಎಲ್ಲೂ ಬೆಲೆಯಿಲ್ಲ. ‘ಏಕೆ ಸಾಧ್ಯವಿಲ್ಲ ಎಂದು ಬರೆದುಕೊಡಿ’ ಎಂದು ವಿನಯದಿಂದ ಕೇಳಿ, ಬಹಳ ಸಲ ಅಲ್ಲಿಗೇ ಕೆಲಸ ಆಗಿಬಿಡುತ್ತದೆ. ಆಗದಿದ್ದರೆ ಅಧಿನಿಯಮದ 23ನೇ ಕಲಂ ಪ್ರಕಾರ ಸರ್ಕಾರಿ ಸಂಸ್ಥೆ ನೇಮಿಸಬೇಕಾದ ಕುಂದುಕೊರತೆ ನಿವಾರಣಾಧಿಕಾರಿಗೆ, ಆಮೇಲೆ ಬೆಂಗಳೂರಿನ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು. ಪರೀಕ್ಷೆ ಹತ್ತಿರವಿದ್ದರೆ ಆ ದಿನಾಂಕವನ್ನು ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ.

ಕೋಶದ ಹೊಣೆ ಒಂದೆರಡು ವರ್ಷಕ್ಕೆ ಬದಲಾಗುತ್ತದೆ. ಮುಂದಿನವರಿಗೆ ಕೊಡಬೇಕಾದದ್ದು ಐದು: ವಿದ್ಯಾರ್ಥಿಗಳ ಸಹಿಯಿರುವ ಹಾಳೆಗಳ ಕಡತ, ಯೂನಿಕೋಡ್ ನೋಟ್ಸ್ ತುಂಬಿದ ಪೆನ್‌ಡ್ರೈವ್, ಸ್ಕ್ರೈಬ್‌ಗಳ ಫೋನ್ ಪಟ್ಟಿ, ಪೋರ್ಟಲ್‌ನ ಲಾಗಿನ್, ಮತ್ತು ಶೌಚಾಲಯದ ಎರಡನೇ ಬೀಗದ ಕೈ.